ಮಳೆಗೆ ನೆನೆದ ರಚ್ಚು, ಹದಕ್ಕೆ ಬಾರದ ಬೆಲ್ಲ: ಆಲೆಮನೆಯ ಒಂದು ಪ್ರಕರಣ

ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಸೋದರಮಾವನ ಆಲೆಮನೆ ಇದೆ. ಒಂದು ಗಾಣ, ಒಂದು ಒಲೆ, ಒಂದು ದೊಡ್ಡ ಕೊಪ್ಪರಿಗೆ. ದಸರಾ ರಜೆಗೆ ಹೋದಾಗಲೆಲ್ಲ ಒಂದು ದಿನವಾದರೂ ಅಲ್ಲಿ ಕೂತು ಬರುತ್ತೇನೆ. ಚಿಕ್ಕಂದಿನಲ್ಲಿ ಬಿಸಿ ಬೆಲ್ಲದ ಆಸೆಗೆ ಹೋಗುತ್ತಿದ್ದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅದಕ್ಕೇ ಆ ಸಲ 200 ಡಿಗ್ರಿವರೆಗೆ ತೋರಿಸುವ ಒಂದು ಥರ್ಮಾಮೀಟರ್ ಕೂಡ ಜೊತೆಗಿತ್ತು.

ಹಿಂದಿನ ಸಂಜೆ ಜೋರು ಮಳೆ ಬಂದಿತ್ತು. ಅಂಗಳದಲ್ಲಿ ರಚ್ಚು ಹರಡಿತ್ತು. ಗಾಣದಲ್ಲಿ ಹಾಲು ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಗೆ ನಮ್ಮ ಕಡೆ ರಚ್ಚು ಅಂತಾರೆ. ಅದೇ ಒಲೆಗೆ ಉರುವಲು. ಎಲ್ಲರೂ ಓಡಿ ಹೋಗಿ ಒಟ್ಟುಮಾಡಿ ಟಾರ್ಪಾಲು ಹೊದಿಸುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ನೆನೆದಿತ್ತು.

ಬೆಳಿಗ್ಗೆ ಎಂದಿನಂತೆ ಗಾಣ ಶುರುವಾಯಿತು. ಕೊಪ್ಪರಿಗೆ ತುಂಬ ಕಬ್ಬಿನ ಹಾಲು. ಒಲೆ ಹಚ್ಚಿದರು. ಬೇರೆ ದಿನ ಅರ್ಧ ಗಂಟೆಯ ಆಚೀಚೆ ಹಾಲು ಕುದಿಯಲು ಶುರುವಾಗುತ್ತದೆ. ಅವತ್ತು ಒಂದೂವರೆ ಗಂಟೆ ಕಳೆದರೂ ಹಾಲಿನ ಮೇಲೆ ಬರೀ ಮಡ್ಡಿ ತೇಲುತ್ತಿತ್ತು. ಚಿಮಣಿಯಿಂದ ದಟ್ಟ ಬಿಳಿ ಹೊಗೆ. ಒಲೆಗೆ ರಚ್ಚು ತುಂಬುವ ಹುಡುಗ ಇನ್ನಷ್ಟು ತುಂಬಿದ. ಹೊಗೆ ಇನ್ನಷ್ಟಾಯಿತು, ಉರಿ ಏಳಲಿಲ್ಲ. ಮಾವನಿಗೆ ಮೊದಲು ಚಿಮಣಿ ಕಟ್ಟಿಕೊಂಡಿದೆ ಅನ್ನಿಸಿತು. ಹತ್ತಿ ನೋಡಿದರು, ಏನೂ ಇರಲಿಲ್ಲ. ಕಬ್ಬು ಎಳೆಯದಿರಬೇಕು ಅಂದರು ಇನ್ನೊಬ್ಬರು. ಅದೇ ಗದ್ದೆಯ ಕಬ್ಬಿನಿಂದ ಹಿಂದಿನ ದಿನ ಒಳ್ಳೆಯ ಬೆಲ್ಲ ಬಂದಿತ್ತು. ಕೊನೆಗೆ ತೆಂಗಿನ ಮಟ್ಟೆ, ಗರಿ, ಮನೆಯ ಸೌದೆ ಎಲ್ಲ ತಂದು ಒಲೆಗೆ ಹಾಕಿ ಪಾಕ ಇಳಿಸುವಾಗ ಮಧ್ಯಾಹ್ನ ಮೀರಿತ್ತು. ಇಷ್ಟೆಲ್ಲ ಮಾಡಿದರೂ ಬೆಲ್ಲ ಅಚ್ಚಿನಲ್ಲಿ ಗಟ್ಟಿ ಕಟ್ಟಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಒಂದು ಕೊಪ್ಪರಿಗೆ ಬೆಲ್ಲದ ಬೆಲೆ ಅರ್ಧಕ್ಕೆ ಇಳಿಯಿತು.

ಒದ್ದೆ ರಚ್ಚು ಉರಿಯಲ್ಲ, ಅಷ್ಟೇ ತಾನೇ? ಮಾವನ ಮಾತೂ ಅಷ್ಟೇ ಇತ್ತು. ಆದರೆ ಯಾಕೆ ಉರಿಯಲ್ಲ ಅಂತ ಕೇಳುತ್ತಾ ಹೋದರೆ ಆಲೆಮನೆಯ ಇಡೀ ಕೆಲಸ ಬೇರೆಯಾಗಿ ಕಾಣುತ್ತದೆ.

ಮಾಮೂಲಿ ದಿನ ಕೊಪ್ಪರಿಗೆಯಲ್ಲಿ ಏನಾಗುತ್ತದೆ

ಎರಡು ದಿನ ಬಿಟ್ಟು ಒಳ್ಳೆಯ ಬಿಸಿಲಿನಲ್ಲಿ ಒಣಗಿದ ರಚ್ಚಿನಿಂದ ಒಲೆ ಹೊತ್ತಿತು. ಅವತ್ತು ಉದ್ದನೆಯ ಕೋಲಿಗೆ ಥರ್ಮಾಮೀಟರ್ ಕಟ್ಟಿ ಆಗಾಗ ಹಾಲಿಗೆ ಇಳಿಸಿ ನೋಡಿದೆ. ಕಾಯುವಾಗ ಪಾದರಸ ಸರಸರ ಏರಿತು. 98 ಡಿಗ್ರಿ ಹತ್ತಿರ ಬಂದು ನಿಂತಿತು. ಮಂಡ್ಯ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಅಲ್ಲಿ ನೀರು 100ಕ್ಕಲ್ಲ, 98 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಕೆಳಗೇ ಕುದಿಯುತ್ತದೆ. ಹಾಲಿನಲ್ಲಿರುವ ಸಕ್ಕರೆ ಅದನ್ನು ಒಂಚೂರು ಮೇಲೆತ್ತುತ್ತದೆ.

ಆಮೇಲಿನದ್ದು ನೋಡುವಂಥದ್ದು. ಕೆಳಗೆ ಬೆಂಕಿ ಧಗಧಗ ಉರಿಯುತ್ತಿದೆ. ಹುಡುಗ ಕೈ ಬಿಡದೆ ರಚ್ಚು ಹಾಕುತ್ತಿದ್ದಾನೆ. ಮೇಲೆ ಥರ್ಮಾಮೀಟರ್ ಮಾತ್ರ ಬಹಳ ಹೊತ್ತು ಇದ್ದಲ್ಲೇ ಇದೆ. ಒಂದು ಡಿಗ್ರಿ ಏರಿಸಲು ಅದು ತೆಗೆದುಕೊಳ್ಳುವ ಸಮಯ ನೋಡಿದರೆ, ಇಷ್ಟೊಂದು ಬೆಂಕಿ ಎಲ್ಲಿಗೆ ಹೋಯಿತು ಅಂತ ಯಾರಿಗಾದರೂ ಅನ್ನಿಸುತ್ತೆ.

ಅದು ಆವಿಯ ಜೊತೆ ಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸಿ ಒಂದೊಂದನ್ನೂ ಗಾಳಿಗೆ ಬಿಡಬೇಕು. ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿಯಾಗಿ ಹರಡಬೇಕು. ಕುದಿ ಬಂದ ಮೇಲೆ ಕೊಟ್ಟ ಶಾಖವೆಲ್ಲ ಈ ಕೆಲಸಕ್ಕೇ ಖರ್ಚು. ಬಿಸಿ ಏರಿಸಲು ಏನೂ ಉಳಿಯುವುದಿಲ್ಲ. ಥರ್ಮಾಮೀಟರಿಗೆ ಕಾಣದೆ ಅಡಗಿ ಹೋಗುವ ಈ ಶಾಖವನ್ನೇ ಪಾಠದಲ್ಲಿ ಗುಪ್ತೋಷ್ಣ ಅನ್ನುವುದು. ಒಂದು ಕಿಲೋ ನೀರನ್ನು ಕುದಿಬಿಂದುವಿನಲ್ಲಿ ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಬೇಕು. ಅದೇ ಒಂದು ಕಿಲೋ ನೀರಿನ ಬಿಸಿಯನ್ನು ಒಂದು ಡಿಗ್ರಿ ಏರಿಸಲು ಬರೀ 4.2 ಕಿಲೋಜೂಲ್ ಸಾಕು.

ಇದನ್ನು ಮೊದಲು ಅಳೆದವರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪಾಠ ಮಾಡುತ್ತಿದ್ದ ಜೋಸೆಫ್ ಬ್ಲ್ಯಾಕ್. 1762ರ ಅಕ್ಟೋಬರಿನಲ್ಲಿ ಅವರು ಮಾಡಿದ ಪ್ರಯೋಗ ಎಷ್ಟು ಸರಳ ಅಂದರೆ ನಮ್ಮ ಅಡುಗೆಮನೆಯಲ್ಲೇ ಮಾಡಬಹುದು. ಚಪ್ಪಟೆ ತಳದ ತಗಡಿನ ಪಾತ್ರೆ. ಅದರಲ್ಲಿ ಸ್ವಲ್ಪ ತಣ್ಣೀರು, ಸುಮಾರು 10 ಡಿಗ್ರಿ ಸೆಲ್ಸಿಯಸ್‌ನದು. ಕೆಂಪಗೆ ಕಾದ ಕಬ್ಬಿಣದ ಹಲಗೆಯ ಮೇಲೆ ಇಟ್ಟರು. 4 ನಿಮಿಷಕ್ಕೆ ಕುದಿ ಬಂತು. ಪೂರ್ತಿ ಆರಿ ಹೋಗಲು ಮತ್ತೆ 20 ನಿಮಿಷ ಬೇಕಾಯಿತು. ಕೆಳಗಿನ ಬೆಂಕಿ ಒಂದೇ ಸಮ ಇದ್ದುದರಿಂದ ಕುದಿಸಲು ಬೇಕಾದ ಶಾಖಕ್ಕಿಂತ ಆವಿ ಮಾಡಲು ಐದು ಪಟ್ಟು ಬೇಕು ಅಂತಾಯಿತು. ಇವತ್ತಿನ ಲೆಕ್ಕದಲ್ಲಿ ಅದು ಆರು ಪಟ್ಟು. ಒಂದು ಗಡಿಯಾರ, ಒಂದು ತಗಡು ಇಟ್ಟುಕೊಂಡು ಅಷ್ಟು ಹತ್ತಿರ ಹೋದರಲ್ಲ ಅನ್ನುವುದು ನನಗೆ ಇವತ್ತಿಗೂ ಸಂತೋಷ ಕೊಡುವ ವಿಷಯ. ಆಲೆಮನೆಯಲ್ಲಿ ದಿನಾ ನಡೆಯುವುದೂ ಇದೇ ಪ್ರಯೋಗ. ಪಾತ್ರೆ ದೊಡ್ಡದು, ಅಷ್ಟೇ.

ಒಂದು ಟನ್ ಕಬ್ಬಿನ ಲೆಕ್ಕ

ಲೆಕ್ಕ ಸುಲಭವಾಗಲಿ ಅಂತ ಒಂದು ಟನ್ ಕಬ್ಬು ಇಟ್ಟುಕೊಳ್ಳೋಣ. ಗಾಣ ಚೆನ್ನಾಗಿದ್ದರೆ ಸುಮಾರು 600 ಕಿಲೋ ಹಾಲು, 400 ಕಿಲೋ ಹಸಿ ರಚ್ಚು. ಹಾಲಿನಿಂದ ಬರುವ ಬೆಲ್ಲ ಸುಮಾರು 100 ಕಿಲೋ. ಸುಣ್ಣದ ತಿಳಿ, ಬೆಂಡೆಗಿಡದ ಲೋಳೆ ಹಾಕಿ ತೆಗೆಯುವ ಮಡ್ಡಿ 20 ಕಿಲೋ ಅನ್ನೋಣ. ಉಳಿದ 480 ಕಿಲೋ? ಅದೆಲ್ಲ ನೀರು. ಅಷ್ಟೂ ಆವಿಯಾಗಿ ಚಾವಣಿ ದಾಟಿ ಹೋಗಬೇಕು.

600 ಕಿಲೋ ಹಾಲನ್ನು 27 ಡಿಗ್ರಿಯಿಂದ 98ಕ್ಕೆ ಕಾಯಿಸಲು ಸುಮಾರು 160 ಮೆಗಾಜೂಲ್ ಬೇಕು. ಒಂದು ಮೆಗಾಜೂಲ್ ಅಂದರೆ ಸಾವಿರ ಕಿಲೋಜೂಲ್. 480 ಕಿಲೋ ನೀರನ್ನು ಆವಿ ಮಾಡಲು ಸುಮಾರು 1,085 ಮೆಗಾಜೂಲ್. ಎರಡೂ ಸೇರಿ 1,250ರ ಹತ್ತಿರ. ಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರಿನಲ್ಲಿ ಇರುವುದು ಸುಮಾರು 650 ಮೆಗಾಜೂಲ್. ಅಂದರೆ ಒಂದು ಚೂರೂ ಪೋಲಾಗದಿದ್ದರೂ ಹೆಚ್ಚುಕಡಿಮೆ ಎರಡು ಸಿಲಿಂಡರ್ ಶಾಖ. ಅದರಲ್ಲಿ ನೂರಕ್ಕೆ 87 ಪಾಲು ಥರ್ಮಾಮೀಟರ್ ನಿಂತಲ್ಲೇ ನಿಂತಿರುವಾಗ ಖರ್ಚಾಗುತ್ತದೆ.

ಹಾಗಾಗಿ "ಬೆಲ್ಲ ಕಾಯಿಸುವುದು" ಅನ್ನುವ ಮಾತು ನನಗೆ ಈಗ ಸರಿ ಅನ್ನಿಸುವುದಿಲ್ಲ. ಒಲೆ ಮಾಡುವ ಮುಖ್ಯ ಕೆಲಸ ನೀರನ್ನು ಬೇರೆ ಮಾಡುವುದು. ಬೆಲ್ಲ ಅನ್ನುವುದು ನೀರು ಹೋದ ಮೇಲೆ ಉಳಿದದ್ದು.

ಕೊನೆಯ ಹತ್ತು ಹದಿನೈದು ನಿಮಿಷದಲ್ಲಿ ಮಾತ್ರ ಕಥೆ ಬದಲಾಗುತ್ತದೆ. ನೀರು ಕಡಿಮೆಯಾಗಿ ಸಕ್ಕರೆ ಜಾಸ್ತಿಯಾದಂತೆ ಪಾಕದ ಕುದಿಬಿಂದು ಏರತೊಡಗುತ್ತದೆ. 105-106 ಡಿಗ್ರಿ ಬಂದರೆ ಜೋನಿಬೆಲ್ಲದ ಹದ. 115 ದಾಟಿ 118ರ ಹತ್ತಿರ ಬಂದರೆ ಅಚ್ಚು ಬೆಲ್ಲದ ಹದ. ಪಾಕ ಮಾಡುವ ಹಿರಿಯರಿಗೆ ಥರ್ಮಾಮೀಟರ್ ಬೇಡ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ, ಗಟ್ಟಿ ನೆಲಕ್ಕೆ ಬಡಿದು ಸದ್ದು ಕೇಳಿ ಹೇಳುತ್ತಾರೆ. ನಾನು ಓದಿದ ಅಂಕಿ, ಅವರು ಕೇಳಿದ ಸದ್ದು ಎರಡೂ ಒಂದೇ ವಿಷಯ ಹೇಳುತ್ತಿದ್ದವು: ಇಷ್ಟು ನೀರು ಉಳಿದಿದೆ.

ಈ ಹೊತ್ತಿನಲ್ಲಿ ಒಲೆಯ ಉರಿ ಇಳಿಸುತ್ತಾರೆ. ಇಷ್ಟು ಹೊತ್ತು ಶಾಖವನ್ನು ಹೊತ್ತುಕೊಂಡು ಹೋಗಲು ನೀರಿತ್ತು. ಈಗ ಹೋಗಲು ನೀರಿಲ್ಲ. ಅದೇ ಉರಿ ಇಟ್ಟರೆ ಬಿಸಿ ಒಮ್ಮೆಲೇ ಏರಿ ಪಾಕ ಸೀದು ಕಪ್ಪಾಗುತ್ತದೆ. ಮೂರು ಗಂಟೆ ಸುಮ್ನೆ ನಿಂತಿದ್ದ ಪಾದರಸ ಮೂರು ನಿಮಿಷದಲ್ಲಿ ಓಡುವುದನ್ನು ನೋಡಿದರೆ, ನೀರು ಇಷ್ಟು ಹೊತ್ತು ಪಾಕವನ್ನು ಹೇಗೆ ಕಾಯುತ್ತಿತ್ತು ಅಂತ ಗೊತ್ತಾಗುತ್ತದೆ.

ಒಲೆಯೊಳಗೂ ಒಂದು ಕೊಪ್ಪರಿಗೆ

ಈಗ ಮಳೆ ದಿನಕ್ಕೆ ಬರೋಣ. ಗಾಣದಿಂದ ಬಂದ 400 ಕಿಲೋ ಹಸಿ ರಚ್ಚಿನಲ್ಲಿ ಹತ್ತಿರಹತ್ತಿರ ಅರ್ಧ ನೀರೇ. ಅದನ್ನು ಹಾಗೇ ಒಲೆಗೆ ಹಾಕುವುದಿಲ್ಲ. ಬಿಸಿಲಿಗೆ ಹರಡಿ, ತಿರುವಿ ಹಾಕಿ ಒಣಗಿಸುತ್ತಾರೆ. ಇವತ್ತು ಅರೆದ ಕಬ್ಬಿನ ರಚ್ಚು ಉರಿಯುವುದು ಎರಡು ಮೂರು ದಿನದ ಮೇಲಿನ ಒಲೆಯಲ್ಲಿ. ಒಣಗಿದಾಗ ಸುಮಾರು 220 ಕಿಲೋ ಆಗುತ್ತದೆ. ಅಂದರೆ 180 ಕಿಲೋ ನೀರು ಅಂಗಳದಲ್ಲೇ ಆವಿಯಾಗಿ ಹೋಯಿತು. ಕುದಿಯದೆ, 30 ಡಿಗ್ರಿಯಲ್ಲೇ. ಆ ಬಿಸಿಯಲ್ಲಿ ಆವಿಯಾಗಲು ಕಿಲೋಗೆ ಇನ್ನೂ ಸ್ವಲ್ಪ ಜಾಸ್ತಿಯೇ ಶಾಖ ಬೇಕು, ಸುಮಾರು 2,430 ಕಿಲೋಜೂಲ್. 180 ಕಿಲೋಗೆ ಲೆಕ್ಕ ಹಾಕಿದರೆ 437 ಮೆಗಾಜೂಲ್. ಒಂದು ಸಿಲಿಂಡರಿನ ಮೂರರಲ್ಲಿ ಎರಡು ಪಾಲು. ಬಿಸಿಲು, ಗಾಳಿ ಸೇರಿ ಅದನ್ನು ಪುಕ್ಕಟೆ ಕೊಡುತ್ತವೆ. ಆಲೆಮನೆಯ ಅರ್ಧ ಸಂಬಳ ಸೂರ್ಯನಿಗೆ ಸೇರಬೇಕು ಅಂತ ಮಾವನಿಗೆ ಹೇಳಿದೆ. ಅವರು ತಲೆಯಾಡಿಸಿದರು. ಅವರಿಗೆ ಅದು ಹೊಸ ಮಾತೇನೂ ಆಗಿರಲಿಲ್ಲ.

ನೆನೆದ ರಚ್ಚಿನಲ್ಲಿ ನೂರಕ್ಕೆ 40 ಪಾಲು ನೀರಿತ್ತು ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. 220 ಕಿಲೋ ಒಣ ರಚ್ಚಿನ ಜಾಗದಲ್ಲಿ ಹೆಚ್ಚುವರಿ ನೀರು 111 ಕಿಲೋ ಬರುತ್ತದೆ. ಅದನ್ನು ಕಾಯಿಸಿ ಆವಿ ಮಾಡಲು ಒಲೆಯೇ 285 ಮೆಗಾಜೂಲ್ ಕೊಡಬೇಕು. ಒಣ ರಚ್ಚು ಕಿಲೋಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ, ಒಟ್ಟು 3,300. ಹಾಗಾದರೆ ನಷ್ಟ ನೂರಕ್ಕೆ ಒಂಬತ್ತರ ಒಳಗೆ. ಅಷ್ಟೇನಾ? ಇಲ್ಲಿ ನಾನು ಸ್ವಲ್ಪ ಹೊತ್ತು ತಡೆದು ನಿಂತೆ. ನೂರಕ್ಕೆ ಒಂಬತ್ತು ಹೋದರೆ ಅರ್ಧ ಗಂಟೆಯ ಕೆಲಸ ಒಂದೂವರೆ ಗಂಟೆಗೆ ಹೋಗಬಾರದು ಅಲ್ವಾ?

ಉತ್ತರ ಕೊಪ್ಪರಿಗೆಯಲ್ಲಿ ಕಂಡದ್ದರಲ್ಲೇ ಇತ್ತು. ನೀರು ಇರುವ ತನಕ ಹಾಲಿನ ಬಿಸಿ 98 ದಾಟಲಿಲ್ಲ. ರಚ್ಚಿನ ಎಳೆಯೂ ಹಾಗೆಯೇ. ಅದರೊಳಗೆ ನೀರು ಇರುವ ತನಕ ಅದು ನೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಿಪ್ಪೆಯಿಂದ ಉರಿಯುವ ಅನಿಲ ಹೊರಗೆ ಬಂದು ಜ್ವಾಲೆ ಹತ್ತಬೇಕಾದರೆ 250-300 ಡಿಗ್ರಿಯಾದರೂ ಬೇಕು. ಒಲೆಗೆ ಹಾಕಿದ ಪ್ರತಿಯೊಂದು ಹಿಡಿ ರಚ್ಚೂ ಮೊದಲು ಒಂದು ಪುಟ್ಟ ಕೊಪ್ಪರಿಗೆಯಾಗಿ ಕುದಿಯಬೇಕು. ಅಕ್ಕಪಕ್ಕದ ಉರಿಯಿಂದಲೇ ಶಾಖ ಎಳೆದುಕೊಳ್ಳುತ್ತದೆ. ಉರಿ ತಣ್ಣಗಾಗುತ್ತದೆ. ತಣ್ಣಗಾದ ಒಲೆಯಲ್ಲಿ ಅನಿಲ ಪೂರ್ತಿ ಸುಡದೆ ಹೊಗೆಯಾಗಿ ಹೋಗುತ್ತದೆ. ಆ ಬಿಳಿ ಹೊಗೆಯಲ್ಲಿ ನೀರಿನ ಹನಿಯೂ ಇತ್ತು, ಸುಡದೆ ಹೋದ ಉರುವಲೂ ಇತ್ತು. ಹುಡುಗ ಜಾಸ್ತಿ ಜಾಸ್ತಿ ತುಂಬಿದಷ್ಟೂ ಜಾಸ್ತಿ ಜಾಸ್ತಿ ನೀರು ತುಂಬುತ್ತಿದ್ದ.

ಇನ್ನೊಂದು ಸಂಗತಿ ಇದೆ. ಒಲೆಯಿಂದ ಕೊಪ್ಪರಿಗೆ ತಳಕ್ಕೆ ಶಾಖದ ದೊಡ್ಡ ಪಾಲು ಉರಿಯ ಝಳವಾಗಿಯೇ ಹೋಗುತ್ತದೆ. ಝಳ ಅನ್ನುವುದು ಬಿಸಿ ಇಳಿದಂತೆ ಬಹಳ ಬೇಗ ಕುಸಿಯುತ್ತದೆ. ಜ್ವಾಲೆ ಸುಮಾರು 1,000 ಡಿಗ್ರಿಯಿಂದ 700ಕ್ಕೆ ಇಳಿದರೆ ಝಳ ಮೂರನೇ ಒಂದು ಪಾಲಿಗೆ ಬರುತ್ತದೆ. ಅರ್ಧ ಗಂಟೆ ಒಂದೂವರೆ ಗಂಟೆಯಾದದ್ದು ಇಲ್ಲಿ. ನೀರು ನೇರವಾಗಿ ತಿಂದದ್ದು ಕಡಿಮೆ, ಉರಿಯನ್ನು ಕೆಳಗಿಳಿಸಿ ಕಳೆದದ್ದು ಹೆಚ್ಚು.

ಹಳೆಯ ಒಲೆಗಳಲ್ಲಿ ಮೊದಲೇ ಕೈ ಬಿಗಿ. 3,300ರಲ್ಲಿ 1,250 ಕೊಪ್ಪರಿಗೆಗೆ ಸೇರಬೇಕು, ಅಂದರೆ ನೂರಕ್ಕೆ 38. ಒಂದೇ ಕೊಪ್ಪರಿಗೆಯ ಸಾದಾ ಒಲೆಗೆ ಅಷ್ಟು ಕೊಡುವುದು ಕಷ್ಟ. ಅದಕ್ಕೇ ಬಹಳ ಕಡೆ ರಚ್ಚು ಸಾಲದೆ ಸೌದೆ ಕೊಳ್ಳುತ್ತಾರೆ. ಕೆಲವು ಕಡೆ ಹಳೇ ಟೈರು ಕೂಡ ಸುಡುತ್ತಾರೆ. ಅದರ ಹೊಗೆ ಕುಡಿಯುವುದು ಒಲೆ ಮುಂದೆ ಕೂತ ಹುಡುಗನೇ. ಇದು ನಿಲ್ಲಬೇಕು ಅಂತ ನಾನು ಕೂಗಿ ಹೇಳುತ್ತೇನೆ. ಅದಕ್ಕೆ ದಾರಿ ರಚ್ಚನ್ನು ಒಣಗಿಸಿ ಕಾಪಾಡುವುದರಿಂದಲೇ ಶುರುವಾಗುತ್ತದೆ.

ಬೆಲ್ಲ ಯಾಕೆ ಅಂಟಿತು

ಇದು ಶಾಖದ ಕಥೆಯ ಬಾಲ. ಹಿಂಡಿದ ಕಬ್ಬಿನ ಹಾಲು ತಡೆದು ನಿಲ್ಲುವ ವಸ್ತು ಅಲ್ಲ. ಅದು ಸ್ವಲ್ಪ ಹುಳಿ. ಬೆಚ್ಚಗೆ, ಹುಳಿಯಾಗಿ ಬಹಳ ಹೊತ್ತು ಇದ್ದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಇವು ಹೆಚ್ಚಾದರೆ ಬೆಲ್ಲ ಹರಳು ಕಟ್ಟುವುದಿಲ್ಲ, ಗಾಳಿಯ ತೇವ ಎಳೆದುಕೊಂಡು ಜಿನುಗುತ್ತದೆ. ಅವತ್ತು ಹಾಲು ಒಂದೂವರೆ ಗಂಟೆ ಬರೀ ಬೆಚ್ಚಗೆ ಕೂತಿತ್ತು. ಆಮೇಲೂ ನಿಧಾನವಾಗಿ ಬೆಂದಿತು. ಕಬ್ಬಿನದು ತಪ್ಪಿಲ್ಲ, ಪಾಕ ಮಾಡಿದವರದೂ ಇಲ್ಲ.

ಚಾವಣಿಯಿಂದ ತೊಟ್ಟಿಕ್ಕುವ ಹನಿ

ಒಣ ರಚ್ಚಿನ ದಿನ ಕೊಪ್ಪರಿಗೆ ಮೇಲಿನ ತಗಡಿನ ಚಾವಣಿಯಿಂದ ಹನಿ ಬೀಳುತ್ತಿತ್ತು. ಆವಿ ಅಲ್ಲಿ ತಣ್ಣಗಾಗಿ ಮತ್ತೆ ನೀರಾಗುತ್ತಿತ್ತು. ತಗಡು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಆವಿಯಾಗುವಾಗ ಎಷ್ಟು ಶಾಖ ಪಡೆದಿತ್ತೋ ಅಷ್ಟನ್ನೂ ನೀರಾಗುವಾಗ ವಾಪಸ್ ಕೊಡುತ್ತದೆ. ಆವಿ ತಗುಲಿದ ಗಾಯ ಕುದಿ ನೀರಿನ ಗಾಯಕ್ಕಿಂತ ಕೆಟ್ಟದಾಗುವುದು ಇದಕ್ಕೇ. 98 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಮೇಲೆ 37ಕ್ಕೆ ತಣಿಯುವಾಗ ಸುಮಾರು 256 ಜೂಲ್ ಬಿಡುತ್ತದೆ. ಅದೇ ಬಿಸಿಯ ಒಂದು ಗ್ರಾಂ ಆವಿ ಅದರ ಹತ್ತು ಪಟ್ಟು ಬಿಡುತ್ತದೆ. ಮಡ್ಡಿ ತೆಗೆಯುವಾಗ ಕೊಪ್ಪರಿಗೆ ಮೇಲೆ ಬಾಗುವವರು ದಯವಿಟ್ಟು ಉದ್ದ ಹಿಡಿಯ ಜಾಲರಿ ಬಳಸಿ.

ಮಾವ ಆ ಹನಿ ನೋಡುತ್ತಾ ಕೇಳಿದ ಪ್ರಶ್ನೆ ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಹಿಡಿಸಿದ್ದು. "ಎರಡು ಸಿಲಿಂಡರಿನಷ್ಟು ಉರಿ ಈ ಆವಿಯಲ್ಲೇ ಇದ್ದರೆ, ಇದರಿಂದಲೇ ಇನ್ನೊಂದು ಕೊಪ್ಪರಿಗೆ ಕಾಯಿಸಬಾರದಾ?"

ಕಾಯಿಸಬಹುದು. ಹಾಗೆ ಮಾಡಿ ತೋರಿಸಿದವರು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ 1806ರಲ್ಲಿ ಹುಟ್ಟಿದ ನಾರ್ಬರ್ಟ್ ರಿಲ್ಯೂ. ಕಪ್ಪು ಮೂಲದ ಎಂಜಿನಿಯರ್, ಪ್ಯಾರಿಸ್‌ನಲ್ಲಿ ಓದಿದವರು. ಅವರ ಊರಿನ ಸುತ್ತ ಗುಲಾಮರು ಸುಡುವ ಕಬ್ಬಿನ ಹಾಲನ್ನು ಒಂದು ಹಂಡೆಯಿಂದ ಇನ್ನೊಂದಕ್ಕೆ ಸೌಟಿನಲ್ಲಿ ಎತ್ತಿ ಸುರಿಯುತ್ತಿದ್ದ ಕಾಲ ಅದು. ರಿಲ್ಯೂ ಹಂಡೆಗಳನ್ನು ಮುಚ್ಚಿದರು. ಮೊದಲನೆಯದರ ಆವಿಯನ್ನು ಎರಡನೆಯದರ ಒಳಗಿನ ಕೊಳವೆಗಳಿಗೆ ಬಿಟ್ಟರು. ಎರಡನೆಯದರಲ್ಲಿ ಗಾಳಿಯ ಒತ್ತಡ ತಗ್ಗಿಸಿದರು. ಒತ್ತಡ ಕಡಿಮೆಯಾದರೆ ಕುದಿಬಿಂದು ಇಳಿಯುತ್ತದೆ, ನಮ್ಮ ಮಂಡ್ಯದಲ್ಲಿ 98ಕ್ಕೆ ಕುದಿದ ಹಾಗೆಯೇ. ಹಾಗಾಗಿ ಮೊದಲ ಹಂಡೆಯ ಆವಿಯೇ ಎರಡನೆಯದನ್ನು ಕುದಿಸಲು ಸಾಕಾಯಿತು. 1843ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮೂರು ಹಂಡೆ ಹೀಗೆ ಜೋಡಿಸಿದರೆ ಒಂದು ಕಿಲೋ ಆವಿಯಿಂದ ಮೂರು ಕಿಲೋಗಿಂತ ಸ್ವಲ್ಪ ಕಡಿಮೆ ನೀರು ಹೋಗುತ್ತದೆ. ಇವತ್ತಿನ ಸಕ್ಕರೆ ಕಾರ್ಖಾನೆಗಳೆಲ್ಲ ಈ ದಾರಿಯಲ್ಲೇ ನಡೆಯುತ್ತವೆ.

ಆಲೆಮನೆಗೆ ಇದನ್ನು ತರುವುದು ಸುಲಭ ಇಲ್ಲ. ಮುಚ್ಚಿದ ಪಾತ್ರೆ, ಪಂಪು, ಖರ್ಚು. ಮಡ್ಡಿ ತೆಗೆಯಲು ಬಾಯಿ ತೆರೆದ ಕೊಪ್ಪರಿಗೆ ಬೇಕು. ಬೆಲ್ಲದ ಬಣ್ಣ, ರುಚಿ ಬರುವುದೂ ಆ ತೆರೆದ ಕುದಿಯಲ್ಲೇ. ಹಾಲನ್ನು ಹೆಪ್ಪುಗಟ್ಟಿಸಿ ನೀರನ್ನು ಮಂಜುಗಡ್ಡೆಯಾಗಿ ತೆಗೆಯುವ ಇನ್ನೊಂದು ದಾರಿ ಇದೆ. ಮಂಜುಗಡ್ಡೆಯ ಗುಪ್ತೋಷ್ಣ ಕಿಲೋಗೆ 334 ಕಿಲೋಜೂಲ್, ಆವಿಯದರ ಏಳರಲ್ಲಿ ಒಂದು ಪಾಲು. ಮುಂಬೈ ಐಐಟಿಯಲ್ಲಿ ಇದರ ಮೇಲೆ ಕೆಲಸ ನಡೆದಿದೆ. ಸದ್ಯಕ್ಕೆ ಮಾವನ ಕೈಗೆ ಎಟುಕುವುದು ಚಿಮಣಿಗೆ ಹೋಗುವ ಬಿಸಿ ಹೊಗೆಯ ದಾರಿಯಲ್ಲಿ ಇನ್ನೊಂದು ಕೊಪ್ಪರಿಗೆ ಇಟ್ಟು ಮುಂದಿನ ಸರದಿಯ ಹಾಲನ್ನು ಮೊದಲೇ ಕಾಯಿಸಿಕೊಳ್ಳುವುದು. ಆ 160 ಮೆಗಾಜೂಲಿನ ಒಳ್ಳೆಯ ಪಾಲು ಹಾಗೆ ಉಳಿಯುತ್ತದೆ. ಹೀಗೆ ಎರಡು, ಮೂರು ಕೊಪ್ಪರಿಗೆ ಸಾಲಾಗಿ ಇಡುವ ಒಲೆಗಳು ಈಗ ಬಳಕೆಯಲ್ಲಿವೆ.

ಮಾವ ಮೊದಲು ಮಾಡಿದ್ದು ಇನ್ನೂ ಚಿಕ್ಕ ಕೆಲಸ. ಚಿಮಣಿ ಪಕ್ಕ ತಗಡು ಹೊದಿಸಿ ಒಂದು ಮಾಡು ಇಳಿಸಿದರು. ಮೂರು ಒಲೆಗೆ ಆಗುವಷ್ಟು ಒಣ ರಚ್ಚು ಅಲ್ಲಿ ಯಾವಾಗಲೂ ಇರಬೇಕು, ಗೋಡೆಯ ಬಿಸಿ ತಾಗುತ್ತಿರಬೇಕು. ನೆಲದ ತೇವ ಹತ್ತದಂತೆ ಕೆಳಗೆ ತೆಂಗಿನ ಮಟ್ಟೆ ಹಾಸಿದ್ದಾರೆ. ಒಲೆ ಹಚ್ಚುವ ಮೊದಲು ಹುಡುಗ ಒಂದು ಹಿಡಿ ರಚ್ಚು ತೆಗೆದು ಮುರಿಯುತ್ತಾನೆ. ಪಟ್ ಅಂತ ಮುರಿದರೆ ಒಲೆಗೆ. ಬಾಗಿದರೆ ಮತ್ತೆ ಬಿಸಿಲಿಗೆ.